ಪರಿಹಾರಕ್ಕಿಂತ ಮುಖ್ಯವಾದ ನಿರ್ದೇಶನ

ಒಳಚರಂಡಿ ಸ್ವಚ್ಛಗೊಳಿಸುವಾಗ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂಬ ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ ತೀರ್ಪನ್ನು ಈ ವಿಷಯದ ಲೇಖನವೊಂದರಲ್ಲಿ ಅದರ ಲೇಖಕರು ಮಾನವ ಹಕ್ಕುಗಳ ದೊಡ್ಡ ಗೆಲುವೆಂದು ಬಣ್ಣಿಸಿದ್ದಾರೆ. 2014ರ ತೀರ್ಪಿನಲ್ಲಿ 10 ಲಕ್ಷವಿದ್ದ ಮೊತ್ತ ಮೂರು ಪಟ್ಟಾಗಿರುವುದು ನಿಜ. ಆದರೆ ಹೊರಗುತ್ತಿಗೆಯ ಕೆಲಸದಲ್ಲಿ ಸಾವು ಸಂಭವಿಸಿದರೆ ಆ ಗುತ್ತಿಗೆಯನ್ನೇ ರದ್ದುಪಡಿಸಿ ಗುತ್ತಿಗೆದಾರನ ಮೇಲೆ ಹಣದ ಹೊಣೆ ಹೊರಿಸುವ ವ್ಯವಸ್ಥೆ ರೂಪಿಸಬೇಕೆಂದು ಅದೇ ತೀರ್ಪು ಹೇಳಿದ್ದು, ನನ್ನ ದೃಷ್ಟಿಯಲ್ಲಿ ಪರಿಹಾರಕ್ಕಿಂತ ಮುಖ್ಯವಾದ ಈ ಅಂಶ ಲೇಖನದಲ್ಲಿ ಕಾಣಲಿಲ್ಲ.

ಸುರಕ್ಷಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಕಾರ್ಮಿಕರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕೇಂದ್ರ ಕಾಯ್ದೆಯ ಪ್ರಕಾರ ಮೊದಲ ಬಾರಿಗೇ ಎರಡು ವರ್ಷಗಳವರೆಗೆ ಜೈಲುಶಿಕ್ಷೆ ವಿಧಿಸಬಹುದಾದ ಅಪರಾಧ. ಟೆಂಡರ್ ಕಾಗದದಲ್ಲಿ ನೀರಿನ ಒತ್ತಡದಿಂದ ಚರಂಡಿ ತೆರವುಗೊಳಿಸುವ ಜೆಟ್ಟಿಂಗ್ ಯಂತ್ರ, ಆಮ್ಲಜನಕದ ಮುಖಗವಸು ಎಲ್ಲವೂ ಇದ್ದು, ಸ್ಥಳದಲ್ಲಿ ಹಗ್ಗ ಮತ್ತು ಬಕೆಟ್ ಮಾತ್ರ ಇರುವಾಗ, ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರ್ ಯಾವ ಲೆಕ್ಕಕ್ಕೆ ಬರುತ್ತಾರೆ? ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲೇ, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ರಾಜ್ಯ ನಮ್ಮದು. ಅಸ್ಪೃಶ್ಯತೆಯನ್ನು ನಿಷೇಧಿಸುವ ಮತ್ತು ಜೀವಿಸುವ ಹಕ್ಕನ್ನು ನೀಡುವ ಸಂವಿಧಾನದ 17 ಮತ್ತು 21ನೇ ವಿಧಿಗಳನ್ನು ನ್ಯಾಯಾಲಯ ಎಷ್ಟೇ ವಿಸ್ತಾರವಾಗಿ ವ್ಯಾಖ್ಯಾನಿಸಿದರೂ, ಆ ವ್ಯಾಖ್ಯಾನ ಪುರಸಭೆಯ ಕಾರ್ಯಾದೇಶದ ಷರತ್ತಾಗಿ ಇಳಿದು ಬರುವವರೆಗೆ ಗುತ್ತಿಗೆದಾರನಿಗೆ ಅದರ ಬಿಸಿ ತಟ್ಟುವುದಿಲ್ಲ.