ಚಿಕ್ಕಮ್ಮನ ಮಿಡಿ ಗೂಗಲ್‌ಗೆ ಯಾಕೆ ಕಾಣಲಿಲ್ಲ

ಹೋದ ಶನಿವಾರದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಕಾರಣ ಒಂದು ಉಪ್ಪಿನಕಾಯಿ ಬಾಟಲಿ.

ಚಿಕ್ಕಮ್ಮನನ್ನು ಕಣ್ಣಿನ ತಪಾಸಣೆಗೆ ಅಂತ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ನನ್ನ ಹಳೆಯ ಆಫೀಸಿನ ಗೆಳತಿಯ ಮನೆಯಲ್ಲಿ ಊಟ. ತಟ್ಟೆಗೆ ಮಾವಿನ ಮಿಡಿ ಉಪ್ಪಿನಕಾಯಿ ಬಡಿಸಿದಳು. "ನಿಮ್ಮೂರಿಂದು, ತಿನ್ನಿ" ಅಂದಳು. ಚಿಕ್ಕಮ್ಮ ತೊಟ್ಟು ಹಿಡಿದು ಒಂದು ಕಚ್ಚು ಕಚ್ಚಿ ಸುಮ್ಮನಾದಳು. ಆಮೇಲೆ ನನ್ನ ಕಿವಿಯಲ್ಲಿ, "ಇದು ಜೀರಿಗೆ ಮಿಡಿ ಅಲ್ಲ ಮಾರಾಯ್ತಿ, ಸೊನೆಯ ಪರಿಮಳವೇ ಇಲ್ಲ" ಅಂದಳು.

ಎಲ್ಲಿಂದ ತರಿಸಿದೆ ಅಂತ ಗೆಳತಿಯನ್ನು ಕೇಳಿದೆ. "ಗೂಗಲ್‌ನಲ್ಲಿ ಸಾಗರದ ಅಪ್ಪೆಮಿಡಿ ಅಂತ ಹುಡುಕಿದೆ. ಮೊದಲು ಬಂದಿದ್ದು ಇದು." ಬಾಟಲಿ ತಿರುಗಿಸಿ ನೋಡಿದೆ. ಬೆಂಗಳೂರಿನ ವಿಳಾಸ. ಬೆಲೆ ಚಿಕ್ಕಮ್ಮ ಮಾರುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಎದುರಿಗೆ ಕೂತವಳು ಇಪ್ಪತ್ತು ವರ್ಷದಿಂದ ಮಿಡಿ ಹಾಕುತ್ತಿರುವ ಹೆಂಗಸು. ಅವಳಿಗೂ ಒಂದು ವೆಬ್‌ಸೈಟ್ ಇದೆ. ಅದು ನನ್ನ ಗೆಳತಿಯ ಕಣ್ಣಿಗೆ ಬೀಳಲೇ ಇಲ್ಲ.

ಯಾಕೆ ಬೀಳಲಿಲ್ಲ ಅಂತ ಈಗ ಗೊತ್ತಾಗಿದೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಇದೆ, ಓದಿ.

ಅವತ್ತು ರಾತ್ರಿ ಬಸ್ಸಿನಲ್ಲಿ ಮೊಬೈಲ್ ತೆಗೆದು ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಚಿಕ್ಕಮ್ಮನ ವೆಬ್‌ಸೈಟ್ ವಿಳಾಸ ಹಾಕಿದೆ. ಹೀಗೆ ಹುಡುಕಿದರೆ ಆ ಸೈಟಿನ ಯಾವ ಯಾವ ಪುಟ ಗೂಗಲ್ ಹತ್ತಿರ ಇದೆ ಅಂತ ಕಾಣುತ್ತದೆ. ಒಂದೂ ಬರಲಿಲ್ಲ. ಅಂದರೆ ಗೂಗಲ್ ಮಟ್ಟಿಗೆ ಚಿಕ್ಕಮ್ಮನ ಸೈಟು ಇರಲೇ ಇಲ್ಲ.

ಮನೆಗೆ ಬಂದು ಪಾಸ್‌ವರ್ಡ್ ಹುಡುಕಿ ಒಳಗೆ ಹೋದೆ. ಸೈಟು ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದು. ಅದರ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಒಂದು ಪುಟ ಇದೆ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳುವುದು ಬೇಡ ಅನ್ನುವುದಕ್ಕೆ ಅಲ್ಲಿ ಒಂದು ಚೌಕ. ಸೈಟು ಕಟ್ಟುವಾಗ, ಅರ್ಧಂಬರ್ಧ ಕೆಲಸ ಹೊರಗೆ ಕಾಣದಿರಲಿ ಅಂತ ಅದಕ್ಕೆ ಟಿಕ್ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಬೇಕು. ತೆಗೆದಿರಲಿಲ್ಲ. ಎರಡು ವರ್ಷ! ಅಂಗಡಿಗೆ ಬೋರ್ಡು ಬರೆಸಿ, ಒಳಗೆ ಸಾಮಾನು ಜೋಡಿಸಿ, ಶಟರ್ ಮಾತ್ರ ಎಳೆದೇ ಇಟ್ಟ ಹಾಗೆ.

ಈ ಸೈಟಿಗೆ ಚಿಕ್ಕಮ್ಮ ಕೊಟ್ಟಿದ್ದು 35 ಸಾವಿರ. ಅದರ ಮೇಲೆ ತಿಂಗಳಿಗೆ 3 ಸಾವಿರ, ಹುಡುಕಿದಾಗ ಸೈಟು ಮೇಲೆ ಬರುವ ಹಾಗೆ ಮಾಡುವ ಕೆಲಸ, ಅಂದರೆ ಎಸ್‌ಇಒ ಮಾಡುತ್ತೇವೆ ಅಂತ. ಮಾಡಿದವರ ಹೆಸರು ಇಲ್ಲಿ ಹೇಳುವುದಿಲ್ಲ. "ಗೂಗಲ್‌ನಲ್ಲಿ ನಂಬರ್ ಒನ್ ಗ್ಯಾರಂಟಿ" ಅಂದಿದ್ದರಂತೆ. ಅಂಥ ಗ್ಯಾರಂಟಿ ಯಾರೂ ಕೊಡಲು ಸಾಧ್ಯವಿಲ್ಲ ಅಂತ ಗೂಗಲ್ಲೇ ಬರೆದುಕೊಂಡಿದೆ. ಅವರು ತೋರಿಸಿದ ಕೆಲಸ ಏನು ಗೊತ್ತಾ? ಪುಟದ ಕೋಡಿನಲ್ಲಿ, ಕೀವರ್ಡ್ ಟ್ಯಾಗ್ ಅನ್ನುವ ಜಾಗದಲ್ಲಿ, ಹೊರಗೆ ಕಾಣದ ಹಾಗೆ ತುಂಬಿದ ಇನ್ನೂರು ಕೀವರ್ಡು, ಅಂದರೆ ಜನ ಹುಡುಕುವ ಪದಗಳು. ಆ ಕೀವರ್ಡ್ ಟ್ಯಾಗನ್ನು ರ‍್ಯಾಂಕಿಂಗ್‌ಗೆ ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಅದಕ್ಕೆ ತಿಂಗಳು ತಿಂಗಳು ದುಡ್ಡು. ಮಿಡಿ ಮಾರಿದ ದುಡ್ಡು.

ಮಿಡಿಯ ಕೆಲಸ ಎಷ್ಟು ಅಂತ ನಿಮಗೆಲ್ಲ ಗೊತ್ತಲ್ವಾ. ಹೊಳೆ ಬದಿಯ ದೊಡ್ಡ ಮರ. ಹತ್ತಿ ಕೊಯ್ಯುವವರು ಸಿಗುವುದೇ ಕಷ್ಟ. ತೊಟ್ಟು ಮುರಿಯಬಾರದು, ನೆಲಕ್ಕೆ ಬಿದ್ದು ಪೆಟ್ಟಾಗಬಾರದು, ಸೊನೆ ಹೋಗಬಾರದು. ಒಂದೊಂದೇ ಒರೆಸಿ, ಆರಿಸಿ, ಉಪ್ಪಿನಲ್ಲಿ ಹಾಕಿ, ಮುರುಟುವ ತನಕ ದಿನಾ ಮೇಲೆ ಕೆಳಗೆ ಮಾಡಬೇಕು. ಆಮೇಲೆ ಖಾರ. ನಮ್ಮ ಅಪ್ಪೆಮಿಡಿಗೆ ಜಿಐ ಟ್ಯಾಗ್, ಅಂದರೆ ಈ ಪ್ರದೇಶದ್ದೇ ಅನ್ನುವ ಸರ್ಕಾರಿ ಗುರುತು ಕೂಡ ಇದೆ. ಇಷ್ಟೆಲ್ಲ ಮಾಡಿದವಳ ಸೈಟಿನ ಮೊದಲ ಪುಟದಲ್ಲಿ ಮಿಡಿ ಅನ್ನುವ ಪದವೇ ಇಲ್ಲ! ಪುಟದ ಶೀರ್ಷಿಕೆ "ಹೋಮ್". ಕೆಳಗೆ ಇಂಗ್ಲಿಷಿನಲ್ಲಿ ಕ್ವಾಲಿಟಿ, ಟ್ರಸ್ಟ್, ಪ್ಯಾಶನ್. ಸಿಮೆಂಟ್ ಅಂಗಡಿಗೂ ಅದೇ ಸಾಲು ಹಾಕಬಹುದು. ಮಿಡಿಯ ಬೆಲೆ, ತೂಕ, ಎಷ್ಟು ದಿನ ಇಡಬಹುದು, ಎಲ್ಲ ಒಂದು ಪೋಸ್ಟರ್ ಚಿತ್ರದಲ್ಲಿದೆ. ಅಕ್ಷರದಲ್ಲಿ ಬರೆದದ್ದನ್ನು ಗೂಗಲ್ ಓದುವ ಹಾಗೆ ಚಿತ್ರದೊಳಗಿನ ಬರಹವನ್ನು ಓದುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ.

ಎಸ್‌ಇಒ ಅಂದರೆ ಏನೋ ಮಾಟ ಮಂತ್ರ ಅಂತ ಜನ ತಿಳಿದಿದ್ದಾರೆ. ಹಾಗಿರುವುದಕ್ಕೇ ಇಂಥವರ ಹೊಟ್ಟೆ ತುಂಬುತ್ತಿದೆ. ಗೂಗಲ್ ಮೊದಲು ಪುಟಗಳಿಗೆ ಹೋಗಿ ಬರುತ್ತದೆ, ಓದಿದ್ದನ್ನು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಯಾರಾದರೂ ಹುಡುಕಿದಾಗ ಹೊಂದುವ ಪುಟವನ್ನು ಎತ್ತಿ ಕೊಡುತ್ತದೆ. ಅದು ಬರುವ ದಾರಿ ತೆರೆದಿರಬೇಕು. ಬಂದಾಗ ಓದಲು ಅಕ್ಷರ ಇರಬೇಕು. ಆ ಅಕ್ಷರಗಳಲ್ಲಿ ಗಿರಾಕಿ ಬಾಯಲ್ಲಿ ಬರುವ ಮಾತು ಇರಬೇಕು. ಇಷ್ಟಾದರೆ ಸಣ್ಣ ವ್ಯಾಪಾರಕ್ಕೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆದ ಹಾಗೆ.

ಗಿರಾಕಿಯ ಮಾತು ಅಂದೆನಲ್ಲ, ಅದರಲ್ಲೇ ನಮ್ಮ ಕಡೆ ಎಷ್ಟು ಗೊಂದಲ ಇದೆ ನೋಡಿ. ಊರಿನ ಹೆಸರು ಇಂಗ್ಲಿಷಿನಲ್ಲಿ ಶಿವಮೊಗ್ಗ ಅಂತ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಇವತ್ತಿಗೂ ಹೊರಗಿನವರು ಹಳೆಯ ಶಿಮೋಗಾ ಅಂತಲೇ ಟೈಪ್ ಮಾಡುತ್ತಾರೆ. ಎರಡೂ ಪುಟದಲ್ಲಿ ಇರಬೇಕು. ಸಾಗರದ್ದು ಇನ್ನೂ ಕಷ್ಟ. ಇಂಗ್ಲಿಷಿನಲ್ಲಿ ಬರೀ ಸಾಗರ್ ಅಂತ ಬರೆದರೆ ಮಧ್ಯಪ್ರದೇಶದಲ್ಲೂ ಒಂದು ಸಾಗರ್ ಇದೆ. ಜಿಲ್ಲೆಯ ಹೆಸರು, ಹತ್ತಿರದ ಜೋಗದ ಹೆಸರು ಜೊತೆಗೆ ಬರೆಯಲೇಬೇಕು. ಒಬ್ಬರು ಅಪ್ಪೆಮಿಡಿ ಅಂತ ಕೂಡಿಸಿ ಬರೆಯುತ್ತಾರೆ, ಇನ್ನೊಬ್ಬರು ಬಿಡಿಸಿ. ಕೆಲವರಿಗೆ ಅದು ಮಾವಿನಮಿಡಿ, ಕೆಲವರಿಗೆ ಟೆಂಡರ್ ಮ್ಯಾಂಗೋ ಪಿಕಲ್. ಸಹಜವಾಗಿ ನಾಲ್ಕು ಸಾಲು ಬರೆದರೆ ಇವೆಲ್ಲ ತಾವೇ ಬಂದು ಕೂರುತ್ತವೆ.

ಕೋಪಕ್ಕೆ ಬೇರೆಯವರ ಸೈಟುಗಳನ್ನೂ ತೆರೆದು ನೋಡಿದೆ. ತೀರ್ಥಹಳ್ಳಿ ಕಡೆಯ ಹಾಳೆ ತಟ್ಟೆ ಮಾಡುವವರೊಬ್ಬರದು. ಪರದೆ ಮೇಲೆ ಚಂದದ ಕನ್ನಡ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ, ಎಲ್ಲ ಕಡೆ ಕನ್ನಡವಾಗಿಯೇ ಉಳಿಯುವ ಯೂನಿಕೋಡ್ ಅಲ್ಲ. ಗೂಗಲ್ ಓದುವುದು ಆ ಅಕ್ಷರಗಳನ್ನೇ. ಆಗುಂಬೆ ಹತ್ತಿರದ ಹೋಂಸ್ಟೇ ಒಂದರ ಸೈಟಿನಲ್ಲಿ ಎಷ್ಟು ರೂಮು, ಊಟ ಏನು, ಬಸ್ಸು ಎಲ್ಲಿ ತನಕ ಬರುತ್ತದೆ, ಒಂದೂ ಇಲ್ಲ. ದೊಡ್ಡ ದೊಡ್ಡ ಫೋಟೋ ಮಾತ್ರ. ಮಳೆಗಾಲದ ನೆಟ್‌ವರ್ಕಿನಲ್ಲಿ ಅವೂ ತೆರೆಯುವುದಿಲ್ಲ. ಅವರಿಗೆ ಬರುವ ಬುಕಿಂಗ್ ಎಲ್ಲ ದೊಡ್ಡ ಆ್ಯಪ್‌ಗಳ ಮೂಲಕ. ಪ್ರತಿ ಬುಕಿಂಗ್‌ಗೂ ಕಮಿಷನ್.

ಇದನ್ನು ಹೇಳಿದರೆ ನಮ್ಮ ಭಾವ ಒಪ್ಪಲಿಲ್ಲ. "ನಮ್ಮ ಕಡೆ ಬಾಯಿಮಾತೇ ಸಾಕು. ವಾಟ್ಸಾಪ್ ಇದೆ, ಹುಡುಗರು ರೀಲ್ಸ್ ಮಾಡ್ತಾರೆ" ಅಂದರು. ಬಾಯಿಮಾತು ದೊಡ್ಡದೇ, ಚಿಕ್ಕಮ್ಮ ಇಲ್ಲಿವರೆಗೆ ಬಂದಿದ್ದು ಅದರಿಂದಲೇ. ಆದರೆ ವಾಟ್ಸಾಪ್ ಸ್ಟೇಟಸ್ ನೋಡುವವರು ಆಗಲೇ ಅವಳ ನಂಬರ್ ಇರುವವರು. ರೀಲ್ಸ್ ನೋಡುವವರು ಸುಮ್ನೆ ನೋಡುವವರು. ನನ್ನ ಗೆಳತಿ ಹಾಗಲ್ಲ. ಕೈಯಲ್ಲಿ ದುಡ್ಡು ಹಿಡಿದು, ಸಾಗರದ್ದೇ ಮಿಡಿ ಬೇಕು ಅಂತ ಹುಡುಕಿದವಳು. ಅವಳು ಕೇಳಿದ ಗಳಿಗೆಯಲ್ಲಿ ನಾವು ಎದುರಿಗೆ ಇರಲಿಲ್ಲ. ಅದು ನನಗೆ ತಡೆಯಲಾಗುತ್ತಿಲ್ಲ.

ಇನ್ನೊಂದು ಹೇಳಬೇಕು. ಸೈಟು ಶುರುವಾದ ಆರು ತಿಂಗಳಿಗೆ ಚಿಕ್ಕಮ್ಮ ನನಗೆ ಫೋನ್ ಮಾಡಿದ್ದಳು. "ಒಂದೂ ಆರ್ಡರ್ ಬರ್ತಾ ಇಲ್ಲ, ಎಂತ ಆಗಿದೆ ಅಂತ ಒಂಚೂರು ನೋಡು." ನಾನು "ನಿಧಾನಕ್ಕೆ ಬರುತ್ತೆ ಬಿಡು" ಅಂದೆ. ಹನ್ನೊಂದು ವರ್ಷ ಇದೇ ಕೆಲಸ ಮಾಡಿದವಳು ನಾನು. ಐದು ನಿಮಿಷ ಕೂತು ನೋಡಿದ್ದರೆ ಆ ಟಿಕ್ ಅವತ್ತೇ ಕಾಣುತ್ತಿತ್ತು. ಒಂದೂವರೆ ವರ್ಷ ಅವಳು ತಪ್ಪು ತನ್ನ ಮಿಡಿಯದ್ದೇ ಇರಬೇಕು ಅಂದುಕೊಂಡಿದ್ದಳಂತೆ. ಖಾರ ಜಾಸ್ತಿ ಆಯಿತೇನೋ ಅಂತ ಅಳತೆ ಬದಲಿಸಿದ್ದಳಂತೆ. ಇದನ್ನು ಕೇಳಿ ನನಗೆ ಅಳು ಬಂತು.

ಟಿಕ್ ತೆಗೆದಾಯಿತು. ಸೈಟು ಗೂಗಲ್‌ಗೆ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನದೇ ಸರ್ಚ್ ಕನ್ಸೋಲ್‌ನಲ್ಲಿ ಸೈಟು ಸೇರಿಸಿದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮ್ಯಾಪಿನಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್ ಕೂಡ ಪುಕ್ಕಟೆ, ಅದಕ್ಕೂ ಅರ್ಜಿ ಹಾಕಿದ್ದೇನೆ. ಮೇಲೆ ಬರಲು ತಿಂಗಳುಗಟ್ಟಲೆ ಬೇಕು, ಅದನ್ನು ಚಿಕ್ಕಮ್ಮನಿಗೆ ಮೊದಲೇ ಹೇಳಿದ್ದೇನೆ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಯಾರದಾದರೂ ಇಂಥ ಸೈಟಿದ್ದರೆ ಇವತ್ತೇ ಹಾಗೆ ಕೋಲನ್ ಹಾಕಿ ಹುಡುಕಿ ನೋಡಿ. ಏನೂ ಬರದಿದ್ದರೆ ನನಗೆ ಮೆಸೇಜ್ ಮಾಡಿ. ಕೂತು ನೋಡಿಕೊಡುತ್ತೇನೆ, ದುಡ್ಡು ಬೇಡ.

ನಿನ್ನೆ ರಾತ್ರಿ ಜಗಲಿಯಲ್ಲಿ ಕೂತು ಹೊಸ ಪುಟ ಬರೆದೆವು. ಅವಳು ಹೇಳುತ್ತಾ ಹೋದಳು, ನಾನು ಟೈಪ್ ಮಾಡಿದೆ. ಯಾವ ಹೊಳೆ ಬದಿಯ ಮರ, ಜೀರಿಗೆ ಮಿಡಿಗೂ ಮಾಮೂಲಿ ಮಿಡಿಗೂ ವ್ಯತ್ಯಾಸ ಎಂತ, ಬಾಟಲಿಗೆ ಒದ್ದೆ ಚಮಚ ಯಾಕೆ ಹಾಕಬಾರದು. ಮುಗಿಯಿತು ಅಂದುಕೊಂಡು ನಾನು ಏಳುವಾಗ, "ತಡಿ, ಹಳೆ ಅಳತೆಗೇ ವಾಪಸ್ ಬಂದಿದ್ದೇನೆ, ಅದನ್ನೂ ಬರಿ" ಅಂದಳು. ಬರೆದೆ.