ಇಟಾಸ್ಕಾದಲ್ಲಿ ಎರಡು ರಾತ್ರಿ

ಮಿನ್ನೆಸೋಟಾದ ಇಟಾಸ್ಕಾ ಸ್ಟೇಟ್ ಪಾರ್ಕಿಗೆ ಹೋಗಿ ಬಂದೆವೆಂದು ಹೇಳುವ ನನ್ನ ಪರಿಚಯದವರಲ್ಲಿ ಹೆಚ್ಚಿನವರು ಅಲ್ಲಿ ಕಳೆದಿರುವುದು ಒಂದು ಗಂಟೆ ಮಾತ್ರ. ಮಿಸಿಸಿಪ್ಪಿ ನದಿಯು ಇಟಾಸ್ಕಾ ಸರೋವರದಿಂದ ಹೊರಬೀಳುವಲ್ಲಿ ಕಲ್ಲುಗಳ ಮೇಲೆ ಕಾಲಿಡುತ್ತಾ ಆಚೆ ದಡ ಸೇರಿ, ಫೋಟೊ ತೆಗೆಸಿಕೊಂಡು, ಕಾರು ಹತ್ತಿಬಿಡುತ್ತಾರೆ. ಮೊದಲ ಸಲ ನಾವೂ ಹಾಗೆಯೇ ಮಾಡಿದ್ದೆವು. ಮೈಸೂರಿನಿಂದ ಬಂದಿದ್ದ ಅಮ್ಮನೊಡನೆ ಈ ಬೇಸಿಗೆಯಲ್ಲಿ ಎರಡು ರಾತ್ರಿ ಅಲ್ಲಿ ಉಳಿದ ಮೇಲೆ, ಆ ಜಾಗದ ನಿಜವಾದ ಸಂಪತ್ತು ಅದರ ಕಾಡು ಎಂಬುದು ನನಗೆ ಮನದಟ್ಟಾಯಿತು.

ನದಿಯ ಮೂಲವನ್ನು ನೋಡಲೇಬೇಕು. ದಾಟಿ ಹೋಗುವಷ್ಟು ಆಳವಿಲ್ಲದ ಆ ನೀರು ಮೊದಲು ಉತ್ತರಕ್ಕೆ, ಬೆಮಿಡ್ಜಿಯ ಕಡೆಗೆ ಹರಿದು, ಮುಂದೆ ದಿಕ್ಕು ಬದಲಿಸಿ, ಸುಮಾರು 3,700 ಕಿಲೋಮೀಟರ್ ಸಾಗಿ ಮೆಕ್ಸಿಕೊ ಕೊಲ್ಲಿಯನ್ನು ಸೇರುತ್ತದೆ. ಅಮ್ಮ ತಲಕಾವೇರಿಯಲ್ಲಿ ಮಾಡಿದಂತೆಯೇ ಇಲ್ಲಿಯೂ ಬೊಗಸೆಯಲ್ಲಿ ನೀರು ತೆಗೆದು ತಲೆಗೆ ಪ್ರೋಕ್ಷಿಸಿಕೊಂಡರು. ಆದರೆ ಎಲ್ಲರೂ ಫೋಟೊ ತೆಗೆಯುವ ಆ ಕಲ್ಲಿನ ಸಾಲು 1930ರ ದಶಕದಲ್ಲಿ ಮನುಷ್ಯರು ಜೋಡಿಸಿದ್ದು. ಅದಕ್ಕಿಂತ ಹಳೆಯದು ಸುತ್ತಲಿನ ಮರಗಳು.

ಆ ಮರಗಳು ಸುಲಭವಾಗಿ ಉಳಿದವಲ್ಲ. 1891ರಲ್ಲಿ ಒಂದೇ ಒಂದು ಮತದ ಅಂತರದಿಂದ ಶಾಸನಸಭೆಯ ಒಪ್ಪಿಗೆ ಪಡೆದ ಈ ಪಾರ್ಕಿನಲ್ಲಿ ಆಮೇಲೆಯೂ ಮರ ಕಡಿಯುವುದು ನಿಲ್ಲಲಿಲ್ಲ. ದಿಮ್ಮಿಗಳನ್ನು ತೇಲಿಸಿ ಸಾಗಿಸಲೆಂದು ಅಣೆಕಟ್ಟಿನ ಬಾಗಿಲು ಮುಚ್ಚಿ ನೀರು ಏರಿಸಿದಾಗ ದಡದ ಮರಗಳಿಗೆ ಹಾನಿಯಾಗತೊಡಗಿತು. ತಂದೆ ತೀರಿಕೊಂಡ ಮೇಲೆ 1903ರಲ್ಲಿ ಪಾರ್ಕಿನ ಆಯುಕ್ತರ ಹೊಣೆ ಹೊತ್ತಿದ್ದ 24ರ ಹರೆಯದ ಮೇರಿ ಗಿಬ್ಸ್, ಗುಂಡು ಹಾರಿಸುವ ಬೆದರಿಕೆಗೂ ಜಗ್ಗದೆ, ಬಾಗಿಲು ತೆರೆಯಲೇಬೇಕೆಂದು ಪಟ್ಟು ಹಿಡಿದು ನಿಂತರು. ಕೆಲವೇ ತಿಂಗಳಲ್ಲಿ ಹುದ್ದೆ ಅವರ ಕೈತಪ್ಪಿತು ಎಂಬುದನ್ನು ಓದಿದಾಗ ನನಗಾದ ಸಂಕಟ ಇನ್ನೂ ಹೋಗಿಲ್ಲ. ನದಿಮೂಲದ ಬಳಿಯ ಸಂದರ್ಶಕರ ಕೇಂದ್ರಕ್ಕೆ ಇಂದು ಅವರದೇ ಹೆಸರಿದೆ. ಒಳಗೆ ಹೋಗುವವರು ದಯವಿಟ್ಟು ಆ ಹೆಸರಿನ ಎದುರು ಒಂದು ಕ್ಷಣ ನಿಲ್ಲಿ.

ಪ್ರೀಚರ್ಸ್ ಗ್ರೋವ್ ಎಂಬ ತೋಪಿನಲ್ಲಿ ಇನ್ನೂರೈವತ್ತು ವರ್ಷ ದಾಟಿದ ಕೆಂಪು ಪೈನ್ ಮರಗಳಿವೆ. ಹಿಂದೆ ಆಗಾಗ ಬೀಳುತ್ತಿದ್ದ ಬೆಂಕಿಯಿಂದ ನೆಲ ತೆರವಾಗಿ ಅವುಗಳ ಬೀಜ ಮೊಳೆಯುತ್ತಿತ್ತು. ಬೆಂಕಿಯನ್ನು ತಡೆದ ಮೇಲೆ ಹೊಸ ಸಸಿಗಳು ಏಳುವುದು ಕಷ್ಟವಾಯಿತು, ಎದ್ದ ಎಳೆಯ ಪೈನ್‌ಗಳನ್ನು ಜಿಂಕೆಗಳು ಮೇಯುತ್ತವೆ. ಇದೆಲ್ಲ ಕಾಡಿನೊಳಗೆ ನಡೆದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ನಡೆಯಲಾಗದವರು ವೈಲ್ಡರ್‌ನೆಸ್ ಡ್ರೈವ್‌ನಲ್ಲಿ ಕಾರನ್ನು ನಿಧಾನವಾಗಿ ಓಡಿಸಿದರೂ ಸಾಕು; ಮಂಡಿನೋವಿರುವ ಅಮ್ಮ ಕಾಡನ್ನು ನೋಡಿದ್ದು ಹಾಗೆಯೇ.

ಸಂಜೆ ಸರೋವರದ ದಡದಲ್ಲಿ ಕುಳಿತಾಗ ಲೂನ್ ಹಕ್ಕಿಯ ನೀಳವಾದ ಕೂಗು ಕೇಳಿಸಿತು. ಅದನ್ನು ಮತ್ತೊಮ್ಮೆ ಕೇಳಬೇಕೆಂದು ಅಮ್ಮ ಕತ್ತಲಾಗುವವರೆಗೆ ಎದ್ದು ಬರಲಿಲ್ಲ.