ರೈಲಿನಲ್ಲಿ ಬಿಯರ್ ಕುಡಿಯಲು ಬಿಡಬೇಕೇ?

ಪರ: ಸ್ಟೇರಿಂಗ್ ನಮ್ಮ ಕೈಯಲ್ಲಿಲ್ಲ

ಕುಡಿದವನಿಂದ ಅಪಾಯ ಯಾವಾಗ? ಸ್ಟೇರಿಂಗ್ ಹಿಡಿದಾಗ ತಾನೇ? ರೈಲು ಪ್ರಯಾಣಿಕನ ಕೈಯಲ್ಲಿ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ಜಪಾನಿನಲ್ಲಿ ಶಿಂಕಾನ್‌ಸೆನ್ ಬುಲೆಟ್ ರೈಲು ಹತ್ತುವ ಮೊದಲು ನಿಲ್ದಾಣದಲ್ಲೇ ಬಿಯರ್ ಕೊಳ್ಳುತ್ತಾರೆ, ಸೀಟಿನಲ್ಲಿ ಕೂತು ತೆರೆಯುತ್ತಾರೆ. ಪಕ್ಕದವರು ತಮ್ಮ ಪಾಡಿಗೆ ನಿದ್ದೆ ಮಾಡುತ್ತಾರೆ.

ನನಗೆ ಇದು ಬರೀ ವಾದ ಅಲ್ಲ. ಅಪ್ಪ ಫಿಸಿಕ್ಸ್ ಮೇಷ್ಟ್ರು. ಮನೆಯಲ್ಲಿ ಮಾತು ಕಡಿಮೆ. ಅವರು ನಿವೃತ್ತರಾದ ಮೇಲೆ ಒಮ್ಮೆ ಇಬ್ಬರೂ ಜರ್ಮನಿಯ ಐಸಿಇ ಎಂಬ ಅತಿವೇಗದ ರೈಲಿನಲ್ಲಿ ಹೋಗುತ್ತಿದ್ದೆವು. ಊಟದ ಬೋಗಿಯಲ್ಲಿ ಧೈರ್ಯ ಮಾಡಿ ಒಂದೊಂದು ಗ್ಲಾಸ್ ಬಿಯರ್ ತರಿಸಿದೆ. ಅಪ್ಪನ ಎದುರು ಕುಡಿದದ್ದು ಅದೇ ಮೊದಲು. ರೈಲು ದೊಡ್ಡ ತಿರುವಿಗೆ ಬಂತು. ಕಿಟಕಿಯಾಚೆ ಹೊಲ, ಮನೆ ಎಲ್ಲ ವಾಲಿದವು. ಗ್ಲಾಸಿನ ಬಿಯರ್ ಮಾತ್ರ ವಾಲಲಿಲ್ಲ. ಅಪ್ಪ ಬಗ್ಗಿ ನೊರೆಯ ಅಂಚನ್ನೇ ನೋಡಿದರು. "ತಿರುವಿನಲ್ಲಿ ಹೊರಗಡೆ ಹಳಿಯನ್ನ ಎತ್ತರಿಸಿರ್ತಾರೆ ಕಣೋ. ಸರಿಯಾದ ವೇಗದಲ್ಲಿ ಹೋದ್ರೆ ಬಿಯರಿಗೆ ತಿರುವೇ ಗೊತ್ತಾಗಲ್ಲ." ಮುಂದಿನ ತಿರುವಿನಲ್ಲಿ ರೈಲು ನಿಧಾನವಾಯಿತು. ಬಿಯರ್ ಒಳಬದಿಗೆ ವಾಲಿತು. ಅಪ್ಪ ಮೇಜು ತಟ್ಟಿ ನಕ್ಕರು. ಆಮೇಲೆ ತಮ್ಮ ಕಾಲೇಜು, ಕೈತಪ್ಪಿದ ಕೆಲಸ, ಅಜ್ಜನ ಸಾಲ, ಒಂದೊಂದಾಗಿ ಹೇಳುತ್ತಾ ಹೋದರು. ಯಾವುದನ್ನೂ ನಾನು ಮೊದಲು ಕೇಳಿರಲಿಲ್ಲ. ಆ ಒಂದು ಗ್ಲಾಸ್ ಖಾಲಿಯಾಗಲು ಒಂದೂವರೆ ಗಂಟೆ ಹಿಡಿಯಿತು.

ಇದನ್ನು ಯಾಕೆ ನಿಷೇಧಿಸಬೇಕು? ವಿರೋಧಿಸುವವರ ಕಣ್ಣಿಗೆ ಕ್ಯಾನ್ ತೆರೆದವರೆಲ್ಲ ರೌಡಿಗಳೇ. ಗಲಾಟೆ ಮಾಡಿದವನನ್ನು ಮುಂದಿನ ನಿಲ್ದಾಣದಲ್ಲಿ ಇಳಿಸಿ, ಸಾಕು. ಲಂಡನ್ನಿನ ಸುರಂಗ ರೈಲಿನಲ್ಲಿ 2008ರ ಜೂನ್ 1ರಿಂದ ಕುಡಿಯುವಂತಿಲ್ಲ ಅಂದರು. ಹಿಂದಿನ ರಾತ್ರಿ ಕೊನೇ ಸಲ ಅಂತ ಜನ ರೈಲಿಗೆ ನುಗ್ಗಿ ಕುಡಿದರು. ಕೆಲವು ನಿಲ್ದಾಣ ಮುಚ್ಚಬೇಕಾಯಿತು. ಬೇಡ ಅಂದಷ್ಟೂ ಜನ ಹತ್ತುವ ಮೊದಲೇ ಗಟಗಟ ಇಳಿಸಿಕೊಂಡು ಬರುತ್ತಾರೆ. ಮೇಜಿನ ಮುಂದೆ ಕೂತವನು ನಿಧಾನವಾಗಿ ಕುಡಿಯುತ್ತಾನೆ.

ವಿರೋಧ: ನಡುವೆ ಇಳಿಯುವಂತಿಲ್ಲ

ಈ ಬದಿ ಬರೆಯಿರಿ ಎಂದು ಕೇಳಿದರು, ಬರೆಯುತ್ತಿದ್ದೇನೆ. ಊಟದ ಬೋಗಿಯ ಒಂದು ಗ್ಲಾಸಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಲ್ಲರೂ ಒಂದಕ್ಕೇ ನಿಲ್ಲಿಸುವುದಿಲ್ಲ, ಅಲ್ವಾ? ಶೇ. 5ರ ಬಿಯರಿನ 500 ಎಂಎಲ್ ಕ್ಯಾನಿನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದು ಮೈಯಿಂದ ಇಳಿಯಲು ಸಾಮಾನ್ಯವಾಗಿ ಎರಡು ಗಂಟೆಗಿಂತ ಜಾಸ್ತಿ ಬೇಕು. ಮೂರು ಗಂಟೆಯ ದಾರಿಯಲ್ಲಿ ನಾಲ್ಕು ಕ್ಯಾನ್ ಕುಡಿದವನಿಗೆ ಅಮಲು ಏರುತ್ತಲೇ ಇರುತ್ತದೆ. ಬಾರಿನಲ್ಲಾದರೆ ಪಕ್ಕದವರು ಎದ್ದು ಹೋಗಬಹುದು. ಓಡುವ ರೈಲಿನಿಂದ ಎಲ್ಲಿಗೆ ಹೋಗುವುದು?

ಸ್ಕಾಟ್ಲೆಂಡಿನ ಸ್ಕಾಟ್‌ರೈಲ್ ಕಂಪನಿ 2012ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 10ರವರೆಗೆ ಕುಡಿಯುವುದನ್ನು ನಿಲ್ಲಿಸಿತು. ಅಷ್ಟಾದರೂ ಎಲ್ಲ ಕಡೆ ಆಗಲಿ ಅಂತ ನನ್ನ ಆಸೆ. ಒಮ್ಮೆ ತಡರಾತ್ರಿಯ ರೈಲಿನಲ್ಲಿ ಎದುರು ಸೀಟಿನ ಹುಡುಗಿ ಕುಡಿದವರ ಮಾತು ತಾಳಲಾರದೆ ಎರಡು ಸಲ ಜಾಗ ಬದಲಿಸಿದಳು. ಕೊನೆಗೆ ಬ್ಯಾಗು ಎದೆಗವಚಿಕೊಂಡು ಬಾಗಿಲ ಹತ್ತಿರ ನಿಂತಳು. ಅವಳ ನಿಲ್ದಾಣ ಬರಲು ಇನ್ನೂ ನಲವತ್ತು ನಿಮಿಷವಿತ್ತು.